ಗಾಳಿಯಂತ್ರದ ಜೀರ್ಣೋದ್ಧಾರ

ನೆಲದ ಮೇಲಿನ ನೀರು ಸಾಲದೆ ನೆಲದ ಒಡಲಿನ ನೀರಿಗೆ ಕೈಯಿಕ್ಕಿದಂದಿನಿಂದ, ಅದನ್ನು ಮೇಲಕ್ಕೆತ್ತುವ ಬಲವನ್ನು ಎಲ್ಲಿಂದ ತರುವುದೆಂಬ ಚಿಂತೆಯು ಒಕ್ಕಲಿಗನನ್ನು ಬಿಟ್ಟಿಲ್ಲ. ನಮ್ಮಲ್ಲಿ ಏತಕ್ಕೆ ಮನುಷ್ಯನ ಮೈಭಾರವೂ ಕಪಿಲೆಗೆ ಎತ್ತುಗಳ ಹೆಗಲೂ ಒದಗಿದುವು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನಡುನಾಡಿನ ಬಯಲುಸೀಮೆಯಲ್ಲಿ ಆ ಕೆಲಸವನ್ನು ಗಾಳಿಗೆ ಒಪ್ಪಿಸಿದರು. ಕಂಬಿಗಳಿಂದ ಹೆಣೆದ ನಾಲ್ಕು ಕಾಲಿನ ಉಕ್ಕಿನ ಗೋಪುರ, ಅದರ ನೆತ್ತಿಯ ಮೇಲೆ ಸೇವಂತಿಗೆಯ ಎಸಳುಗಳಂತೆ ಒತ್ತಾಗಿ ಜೋಡಿಸಿದ ತಗಡಿನ ರೆಕ್ಕೆಗಳ ಗಾಲಿ, ಹಿಂದೆ ಗಾಳಿಯ ದಿಕ್ಕನ್ನು ತೋರುವ ಚಪ್ಪಟೆಯಾದ ಬಾಲ: ಈ ರೂಪವನ್ನು ಚಿತ್ರಗಳಲ್ಲಾದರೂ ಕಾಣದ ವಾಚಕರು ವಿರಳ. ಟೆಕ್ಸಾಸ್, ನೆಬ್ರಾಸ್ಕ, ಕ್ಯಾನ್ಸಾಸ್ ಪ್ರಾಂತಗಳಲ್ಲಿ ಇಂಥ ಯಂತ್ರಗಳು ಇಂದಿಗೂ ಹೊಲದ ಮೂಲೆಗಳಲ್ಲಿ ನಿಂತಿವೆ. ಕೆಲವು ತಿರುಗುತ್ತವೆ, ಹಲವು ಎಂಥ ಬಿರುಗಾಳಿ ಬೀಸಿದರೂ ಕದಲುವುದಿಲ್ಲ. ಹೀಗೆ ಕಚ್ಚಿಕೊಂಡು ನಿಂತ ಯಂತ್ರವೊಂದನ್ನು ಬಿಡಿಸಿ, ಬಿಚ್ಚಿ, ಮತ್ತೆ ನಡೆಯುವಂತೆ ಮಾಡುವ ಕಾರ್ಯದಲ್ಲಿ ಕೈಕೆಲಸವೆಷ್ಟಿದೆಯೋ ಇತಿಹಾಸವೂ ಅಷ್ಟೇ ಇದೆಯೆಂಬುದನ್ನು ಈ ಲೇಖನದಲ್ಲಿ ತೋರಿಸಲೆಳಸಿದ್ದೇನೆ.

ಮೊದಲು ಯಂತ್ರದ ವಂಶವೃತ್ತಾಂತ. ಯೂರೋಪಿನ ಹಳೆಯ ಗಾಳಿಗಿರಣಿಗೆ ಒಬ್ಬ ಒಡೆಯನು ಸದಾ ಬಳಿಯಲ್ಲಿರಬೇಕಾಗಿತ್ತು. ಗಾಳಿ ಹೆಚ್ಚಿದರೆ ಪಟವನ್ನು ಸುತ್ತುವುದು, ದಿಕ್ಕು ಬದಲಾದರೆ ಮುಖವನ್ನು ತಿರುಗಿಸುವುದು ಅವನ ಕೆಲಸ. ಹತ್ತಾರು ಮೈಲಿಗಳವರೆಗೆ ಮನೆಯಿಲ್ಲದ ಹುಲ್ಲುಗಾವಲಿನಲ್ಲಿ ಇಂಥ ಕಾವಲಿಗೆ ಯಾರು ಸಿಕ್ಕಾರು? ತನ್ನನ್ನು ತಾನೇ ನೋಡಿಕೊಳ್ಳುವ ಯಂತ್ರವೇ ಬೇಕಾಗಿತ್ತು. ಕನೆಕ್ಟಿಕಟ್ ಪ್ರಾಂತದ ಡೇನಿಯಲ್ ಹ್ಯಾಲಡೆ ಎಂಬ ಯಂತ್ರಶಿಲ್ಪಿಯು ೧೮೫೪ರಲ್ಲಿ ಅಂಥದೊಂದಕ್ಕೆ ಹಕ್ಕುಪತ್ರವನ್ನು ಪಡೆದನು. ಗಾಳಿಯ ವೇಗ ಮಿತಿಮೀರಿದಾಗ ಅದರ ಮರದ ರೆಕ್ಕೆಗಳು ತಾವಾಗಿ ಓರೆಯನ್ನು ಬದಲಿಸಿಕೊಂಡು ಗಾಳಿಗೆ ದಾರಿ ಬಿಡುತ್ತಿದ್ದುವು. ಇಲಿನಾಯ್ ಪ್ರಾಂತದ ಬಟೇವಿಯಾ ಪಟ್ಟಣದಲ್ಲಿ ಇವುಗಳ ಕಾರ್ಖಾನೆ ಬೆಳೆಯಿತು. ರೈಲುದಾರಿಯು ಪಶ್ಚಿಮಕ್ಕೆ ಸಾಗಿದಂತೆ, ಉಗಿಬಂಡಿಗಳಿಗೆ ನೀರು ತುಂಬುವ ನಿಲ್ದಾಣಗಳಲ್ಲಿ ಇಂಥ ದೊಡ್ಡ ಯಂತ್ರಗಳು ಸಾಲಾಗಿ ಎದ್ದುವು.

ಎರಡನೆಯ ಹೆಸರು ಲೆನರ್ಡ್ ವೀಲರ್ ಎಂಬ ಪಾದ್ರಿಯದು. ಸುಪೀರಿಯರ್ ಸರೋವರದ ದಕ್ಷಿಣ ತೀರದ ಓಡಾನಾ ಎಂಬಲ್ಲಿ ಒಜಿಬ್ವೆ ಎಂಬ ಮೂಲನಿವಾಸಿಗಳ ನಡುವೆ ಆತನು ಅನೇಕ ವರ್ಷ ವಾಸವಾಗಿದ್ದು, ಅಲ್ಲಿನ ಉಪಯೋಗಕ್ಕಾಗಿ ಗಾಳಿಯಂತ್ರವೊಂದನ್ನು ರಚಿಸಿದನು. ಇದರ ಗಾಲಿಯು ಮಡಿಸಿಕೊಳ್ಳದೆ ಇಡಿಯಾಗಿಯೇ ಇದ್ದು, ಬಲವಾದ ಗಾಳಿ ಬೀಸಿದಾಗ ಪಕ್ಕದ ಚಿಕ್ಕ ಹಲಗೆಯೊಂದರ ಒತ್ತಡದಿಂದ ಗಾಳಿಗೆ ಓರೆಯಾಗುತ್ತಿತ್ತು. ೧೮೬೭ರಲ್ಲಿ ಹಕ್ಕುಪತ್ರ ದೊರೆತ ಈ ಯಂತ್ರಕ್ಕೆ 'ಎಕ್ಲಿಪ್ಸ್' ಎಂದು ಹೆಸರು. ಒಂದು ಮಾತನ್ನು ಇಲ್ಲಿ ಹೇಳದೆ ಮುಂದುವರಿಯಲು ಮನಸ್ಸೊಪ್ಪದು. ಮೂಲನಿವಾಸಿಗಳ ಊರಿನಲ್ಲಿ ಅವರ ಹಿತಕ್ಕೆಂದು ಹುಟ್ಟಿದ ಉಪಾಯವು, ಮುಂದೆ ಅವರಂಥವರೇ ಆದ ಬೇರೆ ಜನಾಂಗಗಳನ್ನು ಹೊರದೂಡಿ ತೆರವು ಮಾಡಿದ ಬಯಲುಗಳಲ್ಲಿ ಹೊಸ ವಲಸೆಗಾರರು ನೆಲೆಯೂರಲು ಸಾಧನವಾಯಿತು. ೧೮೬೨ರ ಶಾಸನವು ವಲಸೆಗಾರನಿಗೆ ೧೬೦ ಎಕರೆಗಳನ್ನು ಕೊಟ್ಟಿತು. ಆದರೆ ನೀರಿಲ್ಲದೆ ಆ ಎಕರೆಗಳಿಂದ ಫಲವೇನು? ಆಳದ ಬಾವಿಯ ನೀರನ್ನು ಗಾಳಿಯಂತ್ರವು ಎತ್ತಿಕೊಟ್ಟಿತು. ಈ ಯಂತ್ರವನ್ನು ಹೊಗಳುವವರು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಮೂರನೆಯವನು ಥಾಮಸ್ ಪೆರಿ. ಹ್ಯಾಲಡೆಯ ಕಂಪೆನಿಯ ನೌಕರನಾಗಿದ್ದ ಈತನು ೧೮೮೨-೮೩ರಲ್ಲಿ ಮುಚ್ಚಿದ ಕೋಣೆಯೊಳಗೆ, ಉಗಿಯ ಬಲದಿಂದ ಸುತ್ತುವ ಉದ್ದವಾದ ತೋಳಿನ ತುದಿಗೆ ಗಾಲಿಗಳನ್ನು ಕಟ್ಟಿ ೫,೦೦೦ಕ್ಕೂ ಮಿಗಿಲಾದ ಪ್ರಯೋಗಗಳನ್ನು ಮಾಡಿದನು. ಪರೀಕ್ಷೆಗೆ ಒಳಪಟ್ಟ ಗಾಲಿಗಳು ೬೧ ಬಗೆಯವು. ತೆಳ್ಳಗಿನ ಉಕ್ಕಿನ ತಗಡನ್ನು ಹದವಾಗಿ ಬಾಗಿಸಿ ಮಾಡಿದ ರೆಕ್ಕೆಗಳು ವಾಡಿಕೆಯ ಮರದ ರೆಕ್ಕೆಗಳಿಗಿಂತ ನೂರಕ್ಕೆ ೮೭ರಷ್ಟು ಹೆಚ್ಚು ಕೆಲಸ ಮಾಡುತ್ತವೆಂದು ಆತನು ಕಂಡುಕೊಂಡನು. ಕಂಪೆನಿಯವರಿಗೆ ಇದು ರುಚಿಸಲಿಲ್ಲ. ಚಿಕಾಗೋ ನಗರದ ಲಾವರ್ನ್ ನೋಯಸ್ ಎಂಬ ಉದ್ಯಮಿಗೆ ರುಚಿಸಿತು. ೧೮೮೮ರಲ್ಲಿ 'ಏರ್ಮೋಟರ್' ಎಂಬ ಯಂತ್ರವು ಪೇಟೆಗೆ ಬಂದಿತು. ಪ್ರತಿಸ್ಪರ್ಧಿಗಳು ಅದನ್ನು 'ಗಣಿತದ ಗಾಳಿಯಂತ್ರ'ವೆಂದು ಹಾಸ್ಯಮಾಡಿದರು. ಮೊದಲ ವರ್ಷ ಮಾರಾಟವಾದುವು ಐವತ್ತಕ್ಕೂ ಕಡಿಮೆ. ೧೮೯೨ರಲ್ಲಿ ಸುಮಾರು ೨೦,೦೦೦. ಹಾಸ್ಯವು ಅಲ್ಲಿಗೆ ನಿಂತಿತೆಂದು ಊಹಿಸಬಹುದು. ಪೆರಿಯ ಪ್ರಯೋಗಗಳ ವಿವರವನ್ನು ಅಮೆರಿಕಾ ಸರಕಾರದ ಭೂವಿಜ್ಞಾನ ಇಲಾಖೆಯು ೧೮೯೯ರಲ್ಲಿ ಪ್ರಕಟಿಸಿತು.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವಂತೆ ಈ ಯಂತ್ರದ ಕೀಲುಗಳಿಗೂ ವಾರ ವಾರವೂ ಯಾರಾದರೂ ಗೋಪುರವನ್ನೇರಿ ಎಣ್ಣೆ ಹಾಕಬೇಕಾಗಿತ್ತು. ಮೂವತ್ತು ನಲವತ್ತು ಅಡಿ ಎತ್ತರ, ಒಂದೇ ಹಲಗೆಯ ಮೆಟ್ಟು, ಕೈಯಲ್ಲಿ ಎಣ್ಣೆಯ ಡಬ್ಬಿ. ಗಾಳಿ ತಟ್ಟನೆ ದಿಕ್ಕು ಬದಲಿಸಿದರೆ ಬಾಲವು ಬೀಸಿ ಬಂದು ಮನುಷ್ಯನನ್ನು ಹೊಡೆಯುತ್ತಿತ್ತು. ಬಿದ್ದು ಕೈಕಾಲು ಮುರಿದುಕೊಂಡವರೂ ಜೀವ ನೀಗಿದವರೂ ಉಂಟು. ೧೯೧೫ರಲ್ಲಿ ಏರ್ಮೋಟರ್ ಕಂಪೆನಿಯು ಹಲ್ಲುಚಕ್ರಗಳೆಲ್ಲವನ್ನೂ ಎಣ್ಣೆ ತುಂಬಿದ ಬೀಡುಕಬ್ಬಿಣದ ತೊಟ್ಟಿಯೊಳಗಿಟ್ಟು ಮೇಲೆ ತಗಡಿನ ಮುಚ್ಚಳವನ್ನು ಹಾಕಿತು. ಚಕ್ರಗಳು ತಿರುಗುತ್ತ ಎಣ್ಣೆಯನ್ನು ತಾವೇ ಮೇಲಕ್ಕೆ ಒಯ್ಯುವುವು. ವರ್ಷಕ್ಕೊಮ್ಮೆ ಹತ್ತಿದರೆ ಸಾಕು. ಇಂದು ಜೀರ್ಣೋದ್ಧಾರಕ್ಕೆ ಸಿಕ್ಕುವ ಯಂತ್ರಗಳಲ್ಲಿ ಬಹುಭಾಗವು ಈ ಜಾತಿಯವು.

ಇಂಥ ಗಟ್ಟಿ ಯಂತ್ರವು ನಿಂತುಹೋಗುವುದೇಕೆ? ೧೯೩೫ರಿಂದೀಚೆಗೆ ಅಮೆರಿಕಾ ಸರಕಾರವು ಹಳ್ಳಿಗಳಿಗೆ ವಿದ್ಯುತ್ತನ್ನು ಒಯ್ಯತೊಡಗಿದ ಮೇಲೆ ಗಾಳಿಯಂತ್ರದ ಕಡೆಗೆ ತಲೆಯೆತ್ತಿ ನೋಡುವವರು ಕಡಿಮೆಯಾದರು. ದ್ವಿತೀಯ ಮಹಾಯುದ್ಧದ ಕಾಲದ ಹಳೆಗಬ್ಬಿಣದ ಸಂಗ್ರಹಕ್ಕೆ ಕೆಲವು ಹೋದುವು. ಉಳಿದವಕ್ಕೆ ವರ್ಷಕ್ಕೊಮ್ಮೆಯ ಎಣ್ಣೆಯೂ ತಪ್ಪಿತು. ಆಮೇಲಿನ ಕಥೆ ಸರಳವಾದುದು. ಬಿರುಗಾಳಿಗೆ ಮುಚ್ಚಳ ಹಾರುತ್ತದೆ. ತೊಟ್ಟಿಗೆ ಮಳೆ ಬೀಳುತ್ತದೆ. ಎಣ್ಣೆ ನೀರಿನ ಮೇಲೆ ತೇಲುವುದರಿಂದ ಮೊದಲು ಉಕ್ಕಿ ಹೋಗುವುದು ಎಣ್ಣೆಯೇ. ಅಡಿಯಲ್ಲಿ ನಿಲ್ಲುವುದು ನೀರು. ಹಲ್ಲುಚಕ್ರವು ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ನಿಂತು ತುಕ್ಕು ಹಿಡಿಯುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚಿನ ಸ್ಥಳವನ್ನು ಬೇಡುವುದರಿಂದ, ಅಚ್ಚಿಗೂ ಅದರ ಗೂಡಿಗೂ ನಡುವಣ ಸಂದು ಮುಚ್ಚಿಹೋಗಿ ಎರಡೂ ಒಂದಾಗುತ್ತವೆ. ಚಳಿಗಾಲದಲ್ಲಿ ತೊಟ್ಟಿಯ ನೀರು ಹೆಪ್ಪುಗಟ್ಟಿದರೆ ಬೀಡು ಸೀಳಿಬಿಡುತ್ತದೆ. ಹಾಗೆ ಸೀಳಿದ ತೊಟ್ಟಿಯನ್ನು ಕಂಡಾಗ ಪಳಗಿದ ಕೆಲಸಗಾರನೂ ನಿಟ್ಟುಸಿರುಬಿಡುತ್ತಾನೆ. ಮಿಕ್ಕೆಲ್ಲ ಭಾಗಗಳಿಗೂ ಆಧಾರವಾದುದು ಅದೇ.

ಯಂತ್ರವು ಕಚ್ಚಿಕೊಳ್ಳುವ ಸ್ಥಾನಗಳು ಮುಖ್ಯವಾಗಿ ಎರಡು. ಗಾಲಿಯ ಅಚ್ಚು ಒಂದು. ಯಂತ್ರದ ತಲೆಯು ಕುಳಿತು ಗಾಳಿಯ ದಿಕ್ಕಿಗೆ ಹೊರಳಬೇಕಾದ ನಿಲುಗೊಳವೆಯು ಇನ್ನೊಂದು. ಕೆಳಗಿನಿಂದ ನೋಡುವವನಿಗೆ ಎರಡೂ ಒಂದೇ ರೀತಿಯ ನಿಶ್ಚಲತೆಯಾಗಿ ತೋರುತ್ತವೆ. ಗಾಳಿ ಪಕ್ಕದಿಂದ ಬೀಸುವಾಗಲೂ ಬಾಲವು ಹೊರಳದಿದ್ದರೆ ರೋಗವು ಗೊಳವೆಯಲ್ಲಿದೆ. ಬಾಲವು ಹೊರಳಿ, ಗಾಲಿಯು ಗಾಳಿಗೆ ಮುಖವಿಟ್ಟೂ ತಿರುಗದಿದ್ದರೆ ರೋಗವು ಅಚ್ಚಿನಲ್ಲೋ ಹಲ್ಲುಚಕ್ರದಲ್ಲೋ ಇದೆ. ಅಥವಾ ಯಂತ್ರವು ನಿರ್ದೋಷಿಯಾಗಿದ್ದು ಬಾವಿಯೊಳಗಿನ ಪಂಪು ಮಾತ್ರ ಕಚ್ಚಿಕೊಂಡಿರಲೂಬಹುದು. ಪಂಪಿನ ಸರಳನ್ನು ಕಳಚಿದ ಕೂಡಲೇ ಗಾಲಿಯು ಗಿರ್ರನೆ ತಿರುಗಿ ಕೆಲಸಗಾರರನ್ನು ಬೆಚ್ಚಿಬೀಳಿಸುವುದು ಇಂಥ ಸಂದರ್ಭದಲ್ಲಿಯೇ.

ಆದುದರಿಂದ ಕಟ್ಟುವುದು ಮೊದಲು, ಬಿಚ್ಚುವುದು ಆಮೇಲೆ. ಸರಪಳಿಯಿಂದ ಗಾಲಿಯನ್ನು ಗೋಪುರಕ್ಕೆ ಬಿಗಿಯಬೇಕು. ಬಾಲವನ್ನು ಮಡಿಸಿ ತಂತಿಯಿಂದ ಕಟ್ಟಬೇಕು. ಅನಂತರವೇ ಸರಳಿಗೆ ಕೈಹಚ್ಚಬೇಕು. ಸರಳಿನ ಭಾರವೇ ಗಾಲಿಗೆ ಲಗಾಮು, ಅದು ಕಳಚಿದರೆ ಗಾಲಿಗೆ ಹಿಡಿತವಿಲ್ಲ. ಇದಕ್ಕೂ ಮುಂಚೆ ಗೋಪುರದ ಕಾಲುಗಳನ್ನು ನೆಲದ ಮಟ್ಟದಲ್ಲಿ ಅಗೆದು ನೋಡುವುದು ವಿಹಿತ. ಮೇಲೆ ಹೊಳೆಯುವ ಕಾಲು ಮಣ್ಣಿನೊಳಗೆ ಕಾಗದದಷ್ಟು ತೆಳ್ಳಗಾಗಿರುವುದುಂಟು. ನೆತ್ತಿಯ ಮರದ ಮೆಟ್ಟನ್ನು ಎಂದಿಗೂ ನಂಬಕೂಡದು. ಕಣಜದ ಗೂಡಿನ ವಿಷಯವನ್ನು ಹೇಳಿದರೆ ವಾಚಕರು ನಗಬಹುದು. ನಲವತ್ತು ಅಡಿಯ ಮೇಲೆ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತವನಿಗೆ ಅದು ನಗೆಯ ಮಾತಲ್ಲ.

ಕಚ್ಚಿಕೊಂಡ ಯಂತ್ರದ ದೊಡ್ಡ ಸಂಕಟವೆಂದರೆ, ಅದನ್ನು ಬಿಚ್ಚಲು ಅದು ತಿರುಗಬೇಕು. ತಿರುಗುವುದಿಲ್ಲವೆಂದೇ ಅದನ್ನು ಬಿಚ್ಚಹೊರಟಿರುವುದು. ಎಂಟು ಅಡಿಯ ಏರ್ಮೋಟರ್ ಗಾಲಿಗೆ ೧೮ ರೆಕ್ಕೆಗಳು, ಮೂರು ಮೂರರಂತೆ ಆರು ತುಂಡುಗಳಲ್ಲಿ ಜೋಡಿಸಿದವು. ಒಂದು ತುಂಡನ್ನು ತೆಗೆದ ಮೇಲೆ ಅದಕ್ಕೆ ನೇರ ಎದುರಿನದನ್ನು ತೆಗೆಯಬೇಕು; ಒಂದೇ ಪಕ್ಕದಿಂದ ತೆಗೆಯುತ್ತ ಹೋದರೆ ಭಾರವಾದ ಪಕ್ಕವು, ಅಚ್ಚು ಸ್ವಲ್ಪ ಸಡಿಲವಾದೊಡನೆ, ತಟ್ಟನೆ ಕೆಳಕ್ಕೆ ಬೀಸುತ್ತದೆ. ಚೆನ್ನಾಗಿರುವ ಯಂತ್ರದಲ್ಲಿ ಗಾಲಿಯನ್ನು ತಿರುಗಿಸಿ ಒಂದೊಂದು ತುಂಡನ್ನೂ ಮೆಟ್ಟಿನ ಬಳಿಗೆ ತಂದುಕೊಳ್ಳಬಹುದು. ಕಚ್ಚಿಕೊಂಡುದರಲ್ಲಿ ಎದುರಿನ ತುಂಡು ಕೈಗೆಟುಕದ ಆಕಾಶದಲ್ಲಿರುತ್ತದೆ. ಇಂದು ಎತ್ತುವ ಯಂತ್ರವಿರುವ ಲಾರಿಯನ್ನು ತಂದು ತಲೆಯನ್ನು ಇಡಿಯಾಗಿ ಕೆಳಗಿಳಿಸುವುದು ರೂಢಿ. ಹಿಂದಿನವರು ಗೋಪುರದ ನೆತ್ತಿಗೆ ಒಂಟಿ ತೊಲೆಯೊಂದನ್ನು ಎತ್ತರವಾಗಿ ಕಟ್ಟಿ, ಅದರ ತುದಿಯ ರಾಟೆಯಿಂದ ಮಿಣಿಹಗ್ಗ ಇಳಿಬಿಟ್ಟು ಕೆಲಸ ಸಾಗಿಸುತ್ತಿದ್ದರು. ಈಗಲೂ ಲಾರಿ ಹೋಗದ ಹೊಲದಲ್ಲಿ ಅದೇ ಗತಿ. ಎಂಟು ಅಡಿಯ ಯಂತ್ರದ ತೂಕ ಸುಮಾರು ೩೫೫ ಪೌಂಡು. ಹದಿನಾರು ಅಡಿಯದು ಒಂದು ಟನ್ನಿಗೂ ಮೇಲೆ. ಹಗ್ಗದ ಕೆಳಗೆ ಯಾರೂ ನಿಲ್ಲಕೂಡದೆಂಬ ನಿಯಮವು ಇಲ್ಲಿ ಜೀವರಕ್ಷಕವಾದುದು.

ನೆಲಕ್ಕಿಳಿದ ಮೇಲೆ ಅವಸರವು ಶತ್ರು. ಸಂದುಗಳಿಗೆಲ್ಲ ತೆಳ್ಳಗಿನ, ಒಳಕ್ಕೆ ಹರಿಯುವ ಎಣ್ಣೆಯನ್ನು ಹನಿಸಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನೆನೆಯಬಿಡುವುದು ಪದ್ಧತಿ. ಕೆಲವರು ಸೀಮೆಎಣ್ಣೆಯನ್ನೇ ನೆಚ್ಚುತ್ತಾರೆ. ಅಸಿಟೋನ್ ಎಂಬ ದ್ರವವನ್ನು ಮೋಟಾರುಬಂಡಿಯ ತೆಳು ಎಣ್ಣೆಯೊಡನೆ ಸಮಭಾಗವಾಗಿ ಬೆರೆಸುವವರೂ ಇದ್ದಾರೆ. ದಿನಕ್ಕೆರಡು ಸಲ ಮರದ ಕೊಡತಿಯಿಂದ ಅಥವಾ ಹಿತ್ತಾಳೆಯ ಸುತ್ತಿಗೆಯಿಂದ ಮೆಲ್ಲನೆ ತಟ್ಟಬೇಕು. ಆ ನಡುಕದಿಂದ ಎಣ್ಣೆ ಒಳಕ್ಕೆ ಇಳಿಯುತ್ತದೆ. ಬೀಡುಕಬ್ಬಿಣಕ್ಕೆ ಉಕ್ಕಿನ ಸುತ್ತಿಗೆಯ ಪೆಟ್ಟು ಗಾಜಿಗೆ ಕಲ್ಲಿನ ಪೆಟ್ಟಿದ್ದಂತೆ. ಉದ್ದವಾದ ಸನ್ನೆಕೋಲಿನಿಂದ ಬಲಾತ್ಕಾರ ಮಾಡಿದರೆ ಅಚ್ಚು ತಿರುಗದೆ ಚಕ್ರದ ಹಲ್ಲು ಮುರಿಯುತ್ತದೆ. ಮೊದಲ ಅಲುಗಾಟವು ಕೂದಲೆಳೆಯಷ್ಟು. ಆಗ ಮುಂದಕ್ಕೇ ತಳ್ಳಬೇಕೆಂಬ ಆಸೆ ಹುಟ್ಟುತ್ತದೆ. ಅದನ್ನು ಅದುಮಿ, ಬಂದಷ್ಟನ್ನು ಹಿಂದಕ್ಕೆ ಕಳಿಸಿ, ಎಣ್ಣೆ ಹನಿಸಿ, ಮತ್ತೆ ಮುಂದಕ್ಕೆ ತರಬೇಕು. ಪುಡಿಯಾದ ತುಕ್ಕು ಕಂದು ಬಣ್ಣದ ಕೆಸರಾಗಿ ಸಂದಿನಿಂದ ಹೊರಬರುತ್ತದೆ. ಅದು ಬಂದಿತೆಂದರೆ ಯಂತ್ರವು ಬದುಕಿತೆಂದು ತಿಳಿಯಬಹುದು.

ಬೆಂಕಿಯ ವಿಷಯದಲ್ಲಿ ಬಹಳ ವಿವೇಕ ಬೇಕು. ಕಮ್ಮಾರನ ಕುಲವಿದ್ಯೆಯು ಹೇಳುವುದೇನೋ ನಿಜ: ಹೊರಗಿನ ಬಳೆಯನ್ನು ಕಾಯಿಸಿದರೆ ಅದು ಹಿಗ್ಗಿ ಒಳಗಿನ ಅಚ್ಚನ್ನು ಬಿಡುತ್ತದೆ. ನಮ್ಮಲ್ಲಿ ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಕೂರಿಸುವುದೂ ಈ ನ್ಯಾಯದಿಂದಲೇ. ಆದರೆ ಈ ಯಂತ್ರದ ಅಚ್ಚು ತಿರುಗುವುದು ಬ್ಯಾಬಿಟ್ ಎಂಬ ಮೆತ್ತನೆಯ ಮಿಶ್ರಲೋಹದ ಒಳಪದರದಲ್ಲಿ. ಐಸಾಕ್ ಬ್ಯಾಬಿಟ್ ಎಂಬ ಅಮೆರಿಕದವನು ೧೮೩೯ರಲ್ಲಿ ಹಕ್ಕುಪತ್ರ ಪಡೆದ ಈ ಉಪಾಯದಲ್ಲಿ ತವರಕ್ಕೆ ಅಂಟಿಮನಿಯನ್ನೂ ತಾಮ್ರವನ್ನೂ ಕೂಡಿಸುತ್ತಾರೆ. ಅಚ್ಚನ್ನು ಸವೆಯಿಸದೆ ತಾನು ಸವೆಯುವುದು ಇದರ ಗುಣ. ಸುಮಾರು ೨೪೦ ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕರಗತೊಡಗುವುದು ಇದರ ದೋಷ. ತುಕ್ಕನ್ನು ಬಿಡಿಸಲೆಂದು ಹೊತ್ತಿಸಿದ ಜ್ವಾಲೆಯು ನಿಮಿಷಮಾತ್ರದಲ್ಲಿ ಒಳಪದರವನ್ನು ನೀರುಮಾಡಿ ನೆಲಕ್ಕೆ ಹರಿಸಬಲ್ಲುದು. ಬೀಡಿನ ಒಂದು ಕಡೆಯನ್ನು ಮಾತ್ರ ಕಾಯಿಸಿದರೆ ಅದು ಬಿರಿಯುವುದು ಬೇರೆ. ಸತುವಿನ ಲೇಪವಿರುವ ತಗಡು, ಬೋಲ್ಟುಗಳನ್ನು ಸುಟ್ಟರೆ ಏಳುವ ಬಿಳಿಯ ಹೊಗೆಯು ಜ್ವರವನ್ನು ತರುತ್ತದೆ. ಆದುದರಿಂದ ಬೆಂಕಿಯನ್ನು ಅಚ್ಚಿನ ಗೂಡಿನಿಂದ ದೂರವಿಟ್ಟು, ಗಾಲಿಯ ಗುಂಭಕ್ಕೆ ಅಥವಾ ನಿಲುಗೊಳವೆಗೆ ಮಾತ್ರ, ಸುತ್ತಲೂ ಸಮನಾಗಿ, ಕೈಯಿಂದ ಮುಟ್ಟಲಾಗದಷ್ಟು ಬಿಸಿಯಾಗುವವರೆಗೆ ತಾಗಿಸಿ, ಆರುವಾಗ ಎಣ್ಣೆ ಹನಿಸುವುದು ಕ್ಷೇಮ. ಒಳಪದರವು ಹಾಳಾಗಿಯೇ ಇದ್ದರೆ ಹೊಸದಾಗಿ ಎರೆಯಬೇಕು. ಅಚ್ಚಿಗೆ ದೀಪದ ಮಸಿಯನ್ನು ಹಿಡಿಸಿ ನಟ್ಟನಡುವೆ ನಿಲ್ಲಿಸಿ, ಸಂದಿಗೆ ಜೇಡಿಮಣ್ಣಿನ ಕಟ್ಟೆ ಹಾಕಿ, ಬೀಡನ್ನು ಬೆಚ್ಚಗೆ ಮಾಡಿ, ಲೋಹವನ್ನು ತಡೆಯದೆ ಒಂದೇ ಧಾರೆಯಲ್ಲಿ ಹೊಯ್ಯುತ್ತಾರೆ. ಒಂದು ಹನಿ ನೀರಿದ್ದರೂ ಕರಗಿದ ಲೋಹವು ಸಿಡಿಯುತ್ತದೆಂಬುದನ್ನು ನಮ್ಮ ಕಂಚುಗಾರರಿಗೆ ಹೇಳಿಕೊಡಬೇಕಾಗಿಲ್ಲ.

ಕಳಚುವಾಗಿನ ಬರವಣಿಗೆಯು ಕೈಕೆಲಸದಷ್ಟೇ ಮುಖ್ಯವಾದುದು. ಏರ್ಮೋಟರಿನಲ್ಲಿ ಅಚ್ಚಿನ ಮೇಲಿನ ಎರಡು ಚಿಕ್ಕ ಹಲ್ಲುಚಕ್ರಗಳು ಎರಡು ದೊಡ್ಡ ಚಕ್ರಗಳನ್ನು ತಿರುಗಿಸುತ್ತವೆ. ದೊಡ್ಡ ಚಕ್ರಗಳಿಗೆ ಒಂದೊಂದು ತೋಳು. ಎರಡು ತೋಳುಗಳೂ ಸಮನಾಗಿ ಏರಿಳಿದು ಪಂಪಿನ ಸರಳನ್ನು ಎತ್ತಿ ಇಳಿಸುತ್ತವೆ. ಗಾಲಿಯು ಮೂರಕ್ಕಿಂತ ತುಸು ಹೆಚ್ಚು ಸುತ್ತಿದಾಗ ಸರಳು ಒಮ್ಮೆ ಏರಿಳಿಯುತ್ತದೆ. ಯಾವ ಹಲ್ಲು ಯಾವ ಹಲ್ಲಿಗೆ ಕೂಡಿತ್ತೆಂಬುದನ್ನು ಉಳಿಯ ತುದಿಯಿಂದ ಗುರುತಿಸದೆ ಕಳಚಿದರೆ, ಮರುಜೋಡಣೆಯಲ್ಲಿ ಒಂದು ತೋಳು ಮುಂದಾಗಿ ಇನ್ನೊಂದು ಹಿಂದಾಗಿ ಎರಡೂ ಸೆಣಸುತ್ತವೆ. ಇಷ್ಟು ವರ್ಷ ಜೊತೆಯಾಗಿ ಸವೆದ ಎಡಬಲಗಳನ್ನು ಅದಲುಬದಲು ಮಾಡುವುದೂ ಸಲ್ಲದು. ಬೀಡಿನ ಅಚ್ಚುಗಳ ಮೇಲೆ ಎರಕದಲ್ಲಿಯೇ ಮೂಡಿಸಿದ ಅಂಕಗಳಿರುತ್ತವೆ. ಬಾಲವೂ ಹೆಸರೂ ಹೋದ ಅನಾಥ ಯಂತ್ರದ ಕುಲಗೋತ್ರವನ್ನು ಬಲ್ಲವರು ಹೇಳುವುದು ಈ ಅಂಕಗಳಿಂದಲೇ.

ನನಗೆ ಇಲ್ಲಿ ನೆನಪಾಗುವುದು ತಾಮ್ರಶಾಸನಗಳ ಪರಿಶೋಧನೆ. ಹಲಗೆಗಳನ್ನು ಪೋಣಿಸಿದ ಮುದ್ರೆಯುಂಗುರವನ್ನು ಕತ್ತರಿಸದೆ ಪ್ರತಿಮಾಡುವುದು ಕಷ್ಟ. ಆದುದರಿಂದ ಶಾಸನವು ತಮ್ಮ ಕೈಗೆ ಬಂದಾಗ ಉಂಗುರವು ಇಡಿಯಾಗಿತ್ತೋ ಕತ್ತರಿಸಲ್ಪಟ್ಟಿತ್ತೋ ಎಂಬುದನ್ನು ಪಂಡಿತರು ಮೊದಲ ಸಾಲುಗಳಲ್ಲಿಯೇ ಬರೆದಿಡುತ್ತಾರೆ. ಇಡಿಯ ಉಂಗುರವಿದ್ದರೆ ಹಲಗೆಗಳು ಬದಲಾಗಿಲ್ಲವೆಂದು ನಂಬಬಹುದು. ಗಾಳಿಯಂತ್ರದಲ್ಲಿಯೂ ಹಾಗೆಯೇ. ಒಮ್ಮೆಯೂ ತೆರೆಯದ ತೊಟ್ಟಿಯೊಳಗಿನ ಸವೆತವು ಕಾರ್ಖಾನೆಯ ಎರಕವನ್ನೂ ಆ ಹೊಲದ ಗಾಳಿಯನ್ನೂ ಕುರಿತು ಸಾಕ್ಷಿ ಹೇಳುತ್ತದೆ. ತುಂಡು ತಂತಿಯಿಂದ ಬಿಗಿದ ಕೀಲು, ಬೇರೆ ಯಂತ್ರದಿಂದ ತಂದು ಕೂರಿಸಿದ ತೋಳು, ಅಚ್ಚಿಗೆ ಸುತ್ತಿದ ತೊಗಲಿನ ಚೂರು: ಇವು ಕಂಡರೆ, ಪೇಟೆಗೆ ಹೋಗಲು ಹಣವೋ ಹೊತ್ತೋ ಇಲ್ಲದಿದ್ದ ಒಕ್ಕಲಿಗನೊಬ್ಬನ ಚರಿತ್ರೆ ಅಲ್ಲಿದೆ. ಯಾವ ದಫ್ತರದಲ್ಲಿಯೂ ಅದು ದಾಖಲಾಗಿರುವುದಿಲ್ಲ. ಒಮ್ಮೆ ಬಿಚ್ಚಿದ ಮೇಲೆ ಆ ಪುಟವು ಮುಚ್ಚಿದಂತೆ. ಬಿಚ್ಚಿದವನ ಟಿಪ್ಪಣಿ ಮಾತ್ರ ಉಳಿಯುತ್ತದೆ.

ಜೀರ್ಣೋದ್ಧಾರವೆಂಬ ಶಬ್ದವು ನಮ್ಮಲ್ಲಿ ಬಹಳ ಪುಣ್ಯಶಬ್ದ. ಅದರ ಹೆಸರಿನಲ್ಲಿ ದೇವಾಲಯದ ಕಂಬಗಳಿಗೆ ಬಣ್ಣ ಬಳಿದು, ಗೋಡೆಯ ಶಾಸನಗಳನ್ನು ಸುಣ್ಣದಲ್ಲಿ ಮುಳುಗಿಸಿದ ಉದಾಹರಣೆಗಳನ್ನು ಪ್ರತಿಯೊಂದು ಜಿಲ್ಲೆಯವರೂ ಬಲ್ಲರು. ಇಂಗ್ಲೆಂಡಿನಲ್ಲಿ ಇಂಥ ಉತ್ಸಾಹಕ್ಕೆ ಎದುರಾಗಿ ವಿಲಿಯಂ ಮಾರಿಸ್ ಮೊದಲಾದವರು ೧೮೭೭ರಲ್ಲಿ ಪುರಾತನ ಕಟ್ಟಡಗಳ ರಕ್ಷಣೆಗೊಂದು ಸಂಘವನ್ನು ಸ್ಥಾಪಿಸಿದರು. ೧೯೩೧ರಲ್ಲಿ ಅದೇ ಸಂಘವು ಗಾಳಿಗಿರಣಿಗಳಿಗಾಗಿಯೇ ಪ್ರತ್ಯೇಕ ಶಾಖೆಯನ್ನು ತೆರೆಯಿತು. ಅಮೆರಿಕದಲ್ಲಿ ಟೆಕ್ಸಾಸಿನ ಲಬಕ್ ನಗರದ ಗಾಳಿಯಂತ್ರ ಸಂಗ್ರಹಾಲಯವೂ, ಬಟೇವಿಯಾ ಪಟ್ಟಣದವರು ತಮ್ಮ ಊರಿನಲ್ಲಿ ತಯಾರಾದ ಯಂತ್ರಗಳನ್ನು ಹುಡುಕಿ ತಂದು ನಿಲ್ಲಿಸಿರುವುದೂ ಈ ಬಗೆಯ ಪ್ರಯತ್ನಗಳು. ಏರ್ಮೋಟರ್ ಕಂಪೆನಿಯು ಇಂದು ಟೆಕ್ಸಾಸಿನ ಸ್ಯಾನ್ ಏಂಜೆಲೋದಲ್ಲಿದ್ದು, ೧೯೩೩ರ ಮಾದರಿಯ ಯಂತ್ರವನ್ನೇ ತಯಾರಿಸುತ್ತಿದೆ. ಬಿಡಿಭಾಗವು ಸುಲಭವಾಗಿ ಸಿಕ್ಕುವುದರಿಂದ ಒಂದು ಅನುಕೂಲವೂ ಒಂದು ಮೋಹವೂ ಉಂಟಾಗಿವೆ: ಹಳೆಯದನ್ನು ರಿಪೇರಿ ಮಾಡುವ ಶ್ರಮಕ್ಕಿಂತ ಹೊಸದನ್ನು ಕೊಂಡು ಕೂರಿಸುವುದು ಸುಲಭ. ಎಲ್ಲವನ್ನೂ ಹಾಗೆ ಬದಲಿಸಿದರೆ ಉಳಿಯುವುದು ಹಳೆಯ ಗೋಪುರದ ಮೇಲಿನ ಹೊಸ ಯಂತ್ರ. ಭಾರವನ್ನು ಹೊರುವ, ಮುರಿದರೆ ಪ್ರಾಣಕ್ಕೆ ಅಪಾಯವಾಗುವ ಬೋಲ್ಟು, ಸರಳು, ಮೆಟ್ಟುಗಳನ್ನು ಹೊಸದಾಗಿಯೇ ಹಾಕಬೇಕು. ಇದರಲ್ಲಿ ಭಾವುಕತೆ ಸಲ್ಲದು. ಮಿಕ್ಕವನ್ನು ಉಳಿಸಬೇಕೆಂಬುದು ನನ್ನ ಅಭಿಪ್ರಾಯ. ತುಕ್ಕನ್ನು ತೆಗೆಯಲು ಮರಳನ್ನು ರಭಸದಿಂದ ಎರಚುವ ಪದ್ಧತಿಯು ತಗಡಿನ ಸತುವಿನ ಲೇಪವನ್ನೂ ಕಿತ್ತುಹಾಕುತ್ತದೆ. ಬೀಡಿನ ಭಾಗಗಳನ್ನು ಬಟ್ಟೆಸೋಡದ ನೀರಿನಲ್ಲಿ ಮುಳುಗಿಸಿ ಮಂದವಾದ ವಿದ್ಯುತ್ತನ್ನು ಹರಿಸಿದರೆ ಕಬ್ಬಿಣಕ್ಕೆ ನೋವಿಲ್ಲದೆ ತುಕ್ಕು ಬಿಡುತ್ತದೆ. ಆಗ ಏಳುವ ಅನಿಲವು ಹೊತ್ತಿಕೊಳ್ಳುವಂಥದಾದುದರಿಂದ ಬಯಲಿನಲ್ಲಿಯೇ ಮಾಡತಕ್ಕುದು.

ನಮ್ಮ ನಾಡಿಗೂ ಈ ಕಥೆಯ ಎಳೆಯೊಂದು ತಾಗಿದೆ. ಮದ್ರಾಸು ಪ್ರಾಂತದಲ್ಲಿ ಬಾವಿಯ ನೀರಾವರಿಗಾಗಿ ಗಾಳಿಯಂತ್ರವನ್ನು ಪರೀಕ್ಷಿಸಿದ ಆಲ್‌ಫ್ರೆಡ್ ಚಾಟರ್ಟನ್ನರು ೧೯೧೨ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಬಂದರು. ೧೯೬೦ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಹನ್ನೆರಡು ರೆಕ್ಕೆಗಳ ನೀರೆತ್ತುವ ಗಾಳಿಯಂತ್ರವೊಂದನ್ನು ರೂಪಿಸಿತು. ಚಿತ್ರದುರ್ಗದ ಜೋಗಿಮಟ್ಟಿಯಲ್ಲಿಯೂ ಗದಗಿನ ಕಪ್ಪತಗುಡ್ಡದಲ್ಲಿಯೂ ಇಂದು ವಿದ್ಯುತ್ತಿಗಾಗಿ ತಿರುಗುವ ಮೂರು ರೆಕ್ಕೆಯ ದೈತ್ಯಗಳನ್ನು ಎಲ್ಲರೂ ನೋಡುತ್ತಾರೆ. ಅವಕ್ಕಿಂತ ಹಿಂದಿನ, ನೀರೆತ್ತುವ ಯಂತ್ರವೇನಾದರೂ ಯಾವುದಾದರೂ ತೋಟದ ಮೂಲೆಯಲ್ಲಿ ಬಿದ್ದಿದ್ದರೆ, ಗುಜರಿಯವನು ತೂಕ ಹಾಕುವ ಮುಂಚೆ ಒಂದು ಚಿತ್ರವನ್ನೂ ಅದರ ಅಂಕಗಳನ್ನೂ ನಮ್ಮ ಸಂಘಕ್ಕೆ ಕಳಿಸಿಕೊಡಬೇಕೆಂದು ವಾಚಕರಲ್ಲಿ ವಿನಂತಿ.

ಇನ್ನು ಉಳಿದುದು ಬಾಲ. ಕಂಪೆನಿಯ ಹೆಸರೂ 'ಚಿಕಾಗೋ' ಎಂಬ ಊರಹೆಸರೂ ಬರೆದಿರುವ ಆ ತಗಡಿನಲ್ಲಿ ಬಹುಮಟ್ಟಿಗೆ ಬಂದೂಕಿನ ಗುಂಡಿನ ತೂತುಗಳಿರುತ್ತವೆ. ಬಯಲಿನ ಹುಡುಗರಿಗೂ ಬೇಟೆಗಾರರಿಗೂ ಗುರಿಗೆ ಬೇರೇನೂ ಕಾಣುವುದಿಲ್ಲ. ಅವನ್ನು ಮುಚ್ಚಿ, ಅಕ್ಷರಗಳಿಗೆ ಹೊಸ ಬಣ್ಣ ಕೊಡುವವರು ಹಲವರು. ಗೋಪುರದ ಮೇಲಕ್ಕೆ ಹೊಸ ಬಾಲವೊಂದನ್ನು ಏರಿಸಿ, ಮಾಸಿದ ಅಕ್ಷರಗಳ ಹಳೆಯದನ್ನು ತೂತುಗಳ ಸಮೇತ ಸೂರಿನ ಕೆಳಗೆ, ನೆಲದ ತೇವ ತಾಗದಂತೆ ಮರದ ಪಟ್ಟಿಗಳ ಮೇಲೆ ಮಲಗಿಸುವವರು ಕೆಲವರು. ಅದರ ಪಕ್ಕದಲ್ಲಿ ಒಂದು ಡಬ್ಬಿ. ಡಬ್ಬಿಯಲ್ಲಿ ಕತ್ತರಿಸಿ ತೆಗೆದ ಬೋಲ್ಟುಗಳು, ಸವೆದ ಬೆಣೆ, ತೊಗಲಿನ ಚೂರು, ಒಂದೊಂದಕ್ಕೂ ದಾರದಿಂದ ಕಟ್ಟಿದ ಚೀಟಿ, ಚೀಟಿಯಲ್ಲಿ ತೆಗೆದ ಸ್ಥಳ ಮತ್ತು ತಾರೀಖು.